ಪ್ರೆಸ್ ಇಲ್ಲದೆ 12 ಜನರಿಗೆ ಲಿನೋಕಟ್ ಕಲಿಸುವುದು: ಸಾಮಗ್ರಿ, ಕ್ರಮ, ಪರಿಚಯ ಪುಟ

(ಇದು ಪ್ರಶ್ನೋತ್ತರ. ಅಚ್ಚುಮಣೆ ಕೇಳಿದವರ ಅಡ್ಡಹೆಸರು; ಉಳಿಬಾಯಿ, ರೋಲರ್ ಸದ್ದು, ಎರಡು ಬಣ್ಣ, ಗೋಡೆಬರಹ ಉತ್ತರಿಸಿದವರ ಅಡ್ಡಹೆಸರು.)

ಅಚ್ಚುಮಣೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಪೇಂಟಿಂಗ್, ಈಗ ಮಾಡುವುದು ಹೆಚ್ಚಾಗಿ ಲಿನೋಕಟ್, ಅಂದರೆ ಲಿನೋಲಿಯಂ ಶೀಟನ್ನು ಉಳಿಯಿಂದ ಕೆತ್ತಿ, ಮಸಿ ಹಚ್ಚಿ ಕಾಗದಕ್ಕೆ ಅಚ್ಚು ತೆಗೆಯುವುದು. ವಯಸ್ಕರಿಗೆ ಲಿನೋಕಟ್ ಕಲಿಸಿಕೊಡಿ ಎಂದು ಕೇಳಿದ್ದಾರೆ, ಒಪ್ಪಿಕೊಂಡಿದ್ದೇನೆ.

12 ಜನ, ವಾರಕ್ಕೊಂದರಂತೆ 6 ತರಗತಿ, ಪ್ರತಿಯೊಂದೂ ಎರಡೂವರೆ ಗಂಟೆ. ಬರುವವರಲ್ಲಿ ಯಾರೂ ಉಳಿ ಹಿಡಿದವರಲ್ಲ. ಶಾಲೆ ಬಿಟ್ಟ ಮೇಲೆ ಚಿತ್ರವನ್ನೇ ಬಿಡಿಸದವರೂ ಇದ್ದಾರೆ. ಕೋಣೆಯಲ್ಲಿ ಎರಡು ಉದ್ದನೆಯ ಮೇಜು, ಒಂದು ಸಿಂಕ್ ಇದೆ. ಪ್ರೆಸ್ (ಅಚ್ಚೊತ್ತುವ ಯಂತ್ರ) ಇಲ್ಲ.

1. ಅಸಲಿ ಲಿನೋಲಿಯಂ ಕೊಡಬೇಕೋ, ಈಗ ಸಿಗುವ ಮೆತ್ತನೆಯ ವಿನೈಲ್ ಶೀಟ್ ಸಾಕೋ?

2. ಸದ್ಯಕ್ಕೆ ಯೋಚಿಸಿರುವ ಕ್ರಮ: ಮೊದಲ ತರಗತಿ ಇತಿಹಾಸ ಮತ್ತು ಪರಿಕರಗಳ ಪರಿಚಯ, ಎರಡನೆಯದು ರೇಖಾಚಿತ್ರ, ಮೂರು ಮತ್ತು ನಾಲ್ಕು ಕೆತ್ತನೆ, ಐದು ಮತ್ತು ಆರು ಅಚ್ಚು ತೆಗೆಯುವುದು. ಕೊನೆಗೆ ಎರಡು ಬಣ್ಣದ ರಿಡಕ್ಷನ್ ಪ್ರಿಂಟ್ ಮಾಡಿಸುವ ಆಸೆಯಿದೆ. ಇಷ್ಟು ಸಮಯದಲ್ಲಿ ಆಗುತ್ತದೆಯೇ?

3. ತೋರಿಸಲೆಂದು ಕೈಯಿಂದ ಉಜ್ಜಿ ತೆಗೆದ ಪ್ರಿಂಟ್‌ಗಳಲ್ಲಿ ಕಪ್ಪು ತುಂಬಿಕೊಂಡು ಬರುತ್ತಿಲ್ಲ, ಉದ್ದಕ್ಕೂ ಸಣ್ಣ ಸಣ್ಣ ಬಿಳಿ ಚುಕ್ಕೆ. ಕಾಗದ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣದ ಕಾಗದ, ಮಸಿ ನೀರಿನದು, ಉಜ್ಜಿದ್ದು ಮರದ ಸೌಟಿನಿಂದ.

4. ಹಿನ್ನೆಲೆ, ಕಲಾಕೆಲಸ, ಬೋಧನೆ ಮೂರನ್ನೂ ಒಂದೇ ಪರಿಚಯ ಪುಟದಲ್ಲಿ ಬರೆದುಕೊಡಿ ಎಂದಿದ್ದಾರೆ. ಕಲಿಯಲು ಬರುವವರು ಅದನ್ನು ಓದಿ ಹೆಸರು ಕೊಡುತ್ತಾರಂತೆ. ಏನು ಹಾಕಬೇಕು, ಏನು ಬಿಡಬೇಕು?

ಉಳಿಬಾಯಿ:

ಬೇರೆ ಏನು ಬದಲಿಸದಿದ್ದರೂ ಇದೊಂದನ್ನು ಬದಲಿಸಿ: ಅಚ್ಚು ತೆಗೆಯುವುದನ್ನು ಐದನೇ ವಾರಕ್ಕೆ ತಳ್ಳಬೇಡಿ. ಮೊದಲ ದಿನ ಮನೆಗೆ ಹೋಗುವಾಗ ಪ್ರತಿಯೊಬ್ಬರ ಕೈಯಲ್ಲೂ ತಾವೇ ತೆಗೆದ ಒಂದು ಪ್ರಿಂಟ್ ಇರಬೇಕು. ಮಸಿ ಹಚ್ಚಿ, ಕಾಗದ ಎತ್ತಿ ನೋಡದ ಮನುಷ್ಯನಿಗೆ ಉಳಿ ತೆಗೆದ ಜಾಗ ಬಿಳಿಯಾಗುತ್ತದೆ, ಉಳಿದದ್ದು ಕಪ್ಪಾಗುತ್ತದೆ, ಎಡ ಬಲವಾಗುತ್ತದೆ ಎಂದು ಎಷ್ಟು ಹೇಳಿದರೂ ತಲೆಗೆ ಇಳಿಯುವುದಿಲ್ಲ. ನಾಲ್ಕು ವಾರ ಕೆತ್ತಿದ ಮೇಲೆ ಅದು ಗೊತ್ತಾದರೆ ತಿದ್ದಲು ಬ್ಲಾಕೂ (ಕೆತ್ತುವ ಲಿನೋ ತುಂಡು) ಉಳಿದಿರುವುದಿಲ್ಲ, ಸಮಯವೂ ಉಳಿದಿರುವುದಿಲ್ಲ.

ಮೊದಲ ತರಗತಿ ಹೀಗಿರಲಿ. 7×7 ಸೆಂ.ಮೀ.ನ ಲಿನೋ ತುಂಡುಗಳನ್ನು ಮುಂಚೆಯೇ ಕತ್ತರಿಸಿಟ್ಟುಕೊಳ್ಳಿ. 12ರ ಜೊತೆ ನಾಲ್ಕು ಹೆಚ್ಚಿಗೆ ಇರಲಿ. ಮೇಲ್ಮೈಗೆ ನೀರಾಗಿಸಿದ ಕೆಂಪು ಆಕ್ರಿಲಿಕ್ಕನ್ನು ತೆಳ್ಳಗೆ ಸವರಿ ಒಣಗಿಸಿ. ಆಗ ಉಳಿ ಹೋದ ಕಡೆಯೆಲ್ಲ ಲಿನೋದ ಸ್ವಂತ ಬಣ್ಣ ಎದ್ದು ಕಾಣುತ್ತದೆ, ಕೆತ್ತುತ್ತಿರುವಾಗಲೇ ಚಿತ್ರ ಓದಬಹುದು. ಮೊದಲು, ಏನೂ ಕೆತ್ತದ ಒಂದು ತುಂಡಿಗೆ ಮಸಿ ಹಚ್ಚಿ ಅಚ್ಚು ತೆಗೆದು ತೋರಿಸಿ: ಇದು ನಮ್ಮ ಆರಂಭ, ಪೂರ್ತಿ ಕಪ್ಪು. ಆಮೇಲೆ ಎರಡೇ ಉಳಿ ಕೊಡಿ, 2 ಮಿ.ಮೀ.ನ ವಿ (V) ಆಕಾರದ ಬಾಯಿಯದು ಮತ್ತು 5 ಮಿ.ಮೀ.ನ ಯು (U) ಆಕಾರದ್ದು. ಚಿತ್ರ ಬೇಡ, ನಾಲ್ಕು ಬಗೆಯ ಗುರುತು ಮಾತ್ರ: ಉದ್ದ ಗೆರೆ, ಚಿಕ್ಕ ಚಿಕ್ಕ ಗೀರು, ಉಳಿಯನ್ನು ಊರಿ ತಿರುಗಿಸಿ ತೆಗೆದ ಚುಕ್ಕೆ, ಪೂರ್ತಿ ತೆರವಾದ ಜಾಗ. ನಲವತ್ತು ನಿಮಿಷ ಸಾಕು. ಅಚ್ಚು ತೆಗೆದು 12 ಪ್ರಿಂಟ್‌ಗಳನ್ನೂ ಗೋಡೆಗೆ 3×4ರಲ್ಲಿ ಅಂಟಿಸಿ. ತೆರವು ಮಾಡಿದ್ದೇವೆ ಎಂದುಕೊಂಡ ಜಾಗದಲ್ಲಿ ಉಳಿದ ಏಣುಗಳು ಕಪ್ಪು ಗೆರೆಗಳಾಗಿ ಬಿದ್ದಿರುತ್ತವೆ. ಅವು ತಪ್ಪಲ್ಲ, ಅವಕ್ಕೂ ಒಂದು ದಿಕ್ಕಿದೆ, ಆ ದಿಕ್ಕನ್ನು ನಾವೇ ಆರಿಸಬಹುದು ಎಂಬ ಮಾತು ಅಲ್ಲಿಯೇ, ಗೋಡೆಯ ಮುಂದೆಯೇ ಬರಲಿ. ಪಾಠದಲ್ಲಿ ಇದಕ್ಕಿಂತ ಬೆಲೆಯುಳ್ಳ ಹತ್ತು ನಿಮಿಷ ಇನ್ನೊಂದಿಲ್ಲ.

ಇತಿಹಾಸಕ್ಕೆ ಪ್ರತ್ಯೇಕ ತರಗತಿ ಬೇಡ, ಕೈ ಕೆಲಸ ಮಾಡುತ್ತಿರುವಾಗ ಹೇಳಿ. ನೆಲಕ್ಕೆ ಹಾಸಲೆಂದು 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್ ಕಂಡುಹಿಡಿದ ವಸ್ತು ಇದು: ಗಟ್ಟಿಯಾದ ಅಗಸೆ ಎಣ್ಣೆ, ರಾಳ, ಕಾರ್ಕ್ ಪುಡಿ, ಹಿಂದೆ ಸೆಣಬಿನ ಬಟ್ಟೆ. ಮರಕ್ಕಿರುವ ಎಳೆ ಇದಕ್ಕಿಲ್ಲವಾದ್ದರಿಂದ ಉಳಿ ಯಾವ ಕಡೆಗಾದರೂ ಒಂದೇ ಸಮನೆ ಓಡುತ್ತದೆ, ಹೊಸಬರಿಗೆ ಒಗ್ಗುವುದು ಅದಕ್ಕೇ. ಪ್ರೆಸ್ ಇಲ್ಲ ಎಂಬ ಅಳುಕಿದ್ದರೆ ಬಿಡಿ. 1920ರ ದಶಕದ ಕೊನೆಯಲ್ಲಿ ಲಂಡನ್ನಿನ ಗ್ರೋವ್‌ನರ್ ಸ್ಕೂಲಿನಲ್ಲಿ ಕ್ಲಾಡ್ ಫ್ಲೈಟ್ ಬಣ್ಣದ ಲಿನೋಕಟ್ ಕಲಿಸಿದ್ದೇ ತೆಳು ಜಪಾನಿ ಕಾಗದದ ಮೇಲೆ, ಕೈಯಿಂದ ಉಜ್ಜಿಸಿ.

ಎರಡನೇ ತರಗತಿ ಚಿತ್ರಕ್ಕೆ. ಬಿಳಿ ಹಾಳೆ, ಕಪ್ಪು ಪೆನ್ಸಿಲ್ ಕೊಡಬೇಡಿ. ಕಪ್ಪು ಹಾಳೆ, ಬಿಳಿ ಪೆನ್ಸಿಲ್ ಕೊಡಿ. ಪೇಂಟಿಂಗ್ ಕಲಿತವರು ಕಲಿಸುವಾಗ ಹೆಚ್ಚಾಗಿ ಎಡವುವುದು ಇಲ್ಲಿ. ಕುಂಚ ಕಪ್ಪನ್ನು ಸೇರಿಸುತ್ತದೆ, ಉಳಿ ಬೆಳಕನ್ನು ಸೇರಿಸುತ್ತದೆ. ಪೆನ್ಸಿಲ್ಲಿನ ತೆಳು ಗೆರೆಯನ್ನು ಕಪ್ಪಾಗಿ ಉಳಿಸಬೇಕೆಂದರೆ ಅದರ ಎರಡೂ ಬದಿಯನ್ನು ಕೆತ್ತಿ ತೆಗೆಯಬೇಕು. ಹೊಸಬರಿಗೆ ಅದು ಶಿಕ್ಷೆ. ಶಾಂತಿನಿಕೇತನದ ಕಲಾವಿದ ನಂದಲಾಲ್ ಬೋಸರು 1930ರಲ್ಲಿ ಮಾಡಿದ, ಕೋಲು ಹಿಡಿದು ನಡೆಯುವ ಗಾಂಧಿಯ ಲಿನೋಕಟ್ಟನ್ನು ಈ ತರಗತಿಯಲ್ಲಿ ತೋರಿಸಿ. ಬೂದು ಎಂಬುದೇ ಇಲ್ಲದೆ ಎಷ್ಟು ಕಡಿಮೆ ಗೆರೆಯಲ್ಲಿ ಒಬ್ಬ ಮನುಷ್ಯನ ನಡಿಗೆ ನಿಂತಿದೆ ಎಂದು ಅವರೇ ನೋಡಲಿ. ಕೊನೆಯ ಬ್ಲಾಕಿನ ಅಳತೆ 15×20 ಸೆಂ.ಮೀ. ಮೀರದಿರಲಿ. ಚಿತ್ರವನ್ನು ಟ್ರೇಸಿಂಗ್ ಪೇಪರಿಗೆ 4ಬಿ ಪೆನ್ಸಿಲಿನಲ್ಲಿ ಎತ್ತಿ, ಹಾಳೆ ಮಗುಚಿ ಬ್ಲಾಕಿನ ಮೇಲಿಟ್ಟು ಉಜ್ಜಿದರೆ ತಿರುಗುಮುರುಗಿನ ಸಮಸ್ಯೆ ತಾನೇ ಪರಿಹಾರವಾಗುತ್ತದೆ. ಅಕ್ಷರ ಬರೆಯುವವರಿದ್ದರೆ ಬ್ಲಾಕಿನ ಮೇಲೆ ಅದು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇದೆಯೇ ಎಂದು ಕೆತ್ತುವ ಮೊದಲು ನೀವೇ ಒಮ್ಮೆ ನೋಡಿಬಿಡಿ.

ಮೂರನೆಯದು ಕೆತ್ತನೆ. ಉಳಿ ಮೇಲ್ಮೈಗೆ 20ರಿಂದ 30 ಡಿಗ್ರಿಯಲ್ಲಿ ಓರೆಯಾಗಿರಲಿ. ನೆಟ್ಟಗಾದರೆ ಒಳಗೆ ಹೂತುಕೊಳ್ಳುತ್ತದೆ, ತೀರಾ ಮಲಗಿದರೆ ಮೇಲೆ ಜಾರುತ್ತದೆ. ಉಳಿಯಬೇಕಾದ ಗೆರೆಯ ಗೋಡೆ ಕೆಳಗೆ ಹೋಗುತ್ತಾ ಅಗಲವಾಗಬೇಕು; ಉಳಿ ವಾಲಿ ಗೆರೆಯ ಅಡಿಯನ್ನೇ ಕೊರೆದರೆ ಮೂರನೇ ಪ್ರಿಂಟಿಗೆ ಆ ಗೆರೆ ಮುರಿದು ರೋಲರಿಗೆ ಅಂಟಿಕೊಂಡು ಬರುತ್ತದೆ. 3.2 ಮಿ.ಮೀ. ದಪ್ಪದ ಲಿನೋದಲ್ಲಿ ಒಂದರಿಂದ ಒಂದೂವರೆ ಮಿ.ಮೀ. ಆಳ ಸಾಕು. ಸೆಣಬಿನ ಬಟ್ಟೆ ಕಾಣುವ ತನಕ ಇಳಿದರೆ ಅದರ ನಾರು ಎದ್ದು ಮಸಿ ಹಿಡಿಯುತ್ತದೆ. ವಕ್ರ ಗೆರೆಗೆ ಉಳಿ ತಿರುಗಿಸಬೇಡಿ, ಉಳಿಯ ಕೈ ನಿಂತಲ್ಲೇ ನಿಲ್ಲಲಿ, ಇನ್ನೊಂದು ಕೈ ಬ್ಲಾಕನ್ನು ತಿರುಗಿಸಲಿ.

ನಾಲ್ಕನೆಯದರಲ್ಲಿ ಅರ್ಧ ಕೆತ್ತಿದ ಬ್ಲಾಕಿನಿಂದಲೇ ಮೊದಲ ಪ್ರೂಫ್ (ಪರೀಕ್ಷೆಗೆಂದು ತೆಗೆಯುವ ಅಚ್ಚು). 'ಪೂರ್ತಿ ಮುಗಿಸಿ ಆಮೇಲೆ ತೆಗೆಯುತ್ತೇನೆ' ಎನ್ನುವವರನ್ನು ಒಪ್ಪಿಸಿ, ಬಿಡಬೇಡಿ. ಪ್ರೂಫಿನ ಮೇಲೆಯೇ ಬಿಳಿ ಪೆನ್ಸಿಲಿನಿಂದ ಮುಂದೆ ತೆಗೆಯಬೇಕಾದ ಜಾಗ ಗುರುತಿಸಲಿ, ಆಮೇಲೆ ಉಳಿ ಹಿಡಿಯಲಿ. ಐದರಲ್ಲಿ ತಿದ್ದುವುದು, ಎರಡನೇ ಪ್ರೂಫ್. ಆರರಲ್ಲಿ ಎಡಿಷನ್, ಅಂದರೆ ಮುಗಿದ ಚಿತ್ರದ, ಸಂಖ್ಯೆ ಹಾಕಿದ ಪ್ರತಿಗಳು: ಒಬ್ಬೊಬ್ಬರು 6 ಪ್ರತಿ. ಎಡಗಡೆ 1/6 (ಆರರಲ್ಲಿ ಮೊದಲನೆಯದು), ನಡುವೆ ಚಿತ್ರದ ಹೆಸರು, ಬಲಗಡೆ ಸಹಿ, ಎಲ್ಲವೂ ಪೆನ್ಸಿಲಿನಲ್ಲಿ.

ಶೀಟಿನ ಬಗ್ಗೆ: ಅಸಲಿ ಲಿನೋಲಿಯಮ್ಮೇ ಕೊಡಿ. ವಿನೈಲ್ ಸಲೀಸಾಗಿ ಕತ್ತರಿಸುತ್ತದೆ ನಿಜ, ಆದರೆ ಆ ಸಲೀಸಿನಲ್ಲೇ ಉಳಿ ಬೇಕಾದ್ದಕ್ಕಿಂತ ಮುಂದೆ ಹೋಗುತ್ತದೆ. ತೆಳು ಗೆರೆ ಉಜ್ಜುವ ಒತ್ತಡಕ್ಕೆ ಬಾಗುವುದೂ ಉಂಟು. ಮಣಿಕಟ್ಟು ನೋವಿರುವವರಿಗೆಂದು ಎರಡು ವಿನೈಲ್ ಶೀಟ್ ಇಟ್ಟುಕೊಂಡಿರಿ.

ರೋಲರ್ ಸದ್ದು:

ಮೂರನೇ ಪ್ರಶ್ನೆಗೆ. ದೋಷ ಉಜ್ಜುವ ಕೈಯಲ್ಲಿಲ್ಲ, ಕಾಗದದಲ್ಲಿದೆ. ಜಲವರ್ಣದ 300 ಜಿಎಸ್‌ಎಂ ಕಾಗದ ಸಾಮಾನ್ಯವಾಗಿ ಉಬ್ಬುತಗ್ಗಿನದು. ಬ್ಲಾಕ್ ಉಬ್ಬನ್ನು ಮುಟ್ಟುತ್ತದೆ, ತಗ್ಗನ್ನು ಮುಟ್ಟುವುದಿಲ್ಲ; ಮುಟ್ಟದ ತಗ್ಗೇ ನಿಮ್ಮ ಬಿಳಿ ಚುಕ್ಕೆ. ಪ್ರೆಸ್ಸಿನ ಭಾರಕ್ಕಾದರೆ ತಗ್ಗೂ ಚಪ್ಪಟೆಯಾಗುತ್ತದೆ, ಸೌಟಿಗೆ ಆಗುವುದಿಲ್ಲ. ಕೈ ಅಚ್ಚಿಗೆ 35ರಿಂದ 60 ಜಿಎಸ್‌ಎಂನ ಜಪಾನಿ ಕೋಜೋ ಕಾಗದ ತುಂಬ ಒಳ್ಳೆಯದು. ಪ್ರೂಫಿಗೆ ನುಣುಪಾದ 110ರಿಂದ 130 ಜಿಎಸ್‌ಎಂನ ಕಾರ್ಟ್ರಿಡ್ಜ್ ಹಾಳೆ ಸಾಕು. ಹಾಳೆಗೆ ಎರಡು ಮೈ ಇರುತ್ತವೆ, ಬೆರಳಾಡಿಸಿ ನುಣುಪು ಮೈಯನ್ನು ಬ್ಲಾಕಿನ ಕಡೆಗೆ ಹಾಕಿ.

ಸೌಟನ್ನು ಬದಲಿಸಬೇಕಿಲ್ಲ. ಅದರ ಬೆನ್ನು ಬ್ಲಾಕನ್ನು ಮುಟ್ಟುವುದು ಬೆರಳ ತುದಿಯಷ್ಟು ಜಾಗದಲ್ಲಿ, ಆದ್ದರಿಂದ ಕೈಯ ಬಲವೆಲ್ಲ ಅಲ್ಲೇ ಬೀಳುತ್ತದೆ. ಪುಸ್ತಕಗಳ ರಾಶಿ ಹೇರಿದರೆ ಅಚ್ಚು ಬರದಿರುವುದೂ ಇದೇ ಕಾರಣಕ್ಕೆ, ಭಾರ ಇಡೀ ಬ್ಲಾಕಿಗೆ ಹಂಚಿಹೋಗುತ್ತದೆ. ಮೊದಲು ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಹಾಳೆಯನ್ನು ಕೂರಿಸಿ. ಮೇಲೊಂದು ಟ್ರೇಸಿಂಗ್ ಪೇಪರ್ ಇಟ್ಟರೆ ತೆಳು ಹಾಳೆಯ ನಾರು ಏಳುವುದಿಲ್ಲ. ಆಮೇಲೆ ಸೌಟಿನ ಬೆನ್ನಿನಿಂದ ಸಣ್ಣ ಸಣ್ಣ ಸುತ್ತು, ಒಂದೊಂದು ಸಲಕ್ಕೆ ಮೂರು ಸೆಂ.ಮೀ. ಜಾಗ, ಅಂಚು ಕೊನೆಗೆ. ಹಾಳೆಯನ್ನು ಪೂರ್ತಿ ಎತ್ತಬೇಡಿ. ಒಂದು ಬದಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಮೂಲೆ ಮಡಚಿ ನೋಡಿ. ಪೇಲವವಾಗಿದ್ದರೆ ಹಾಗೇ ಮಲಗಿಸಿ ಮತ್ತೆ ಉಜ್ಜಬಹುದು.

ಮಸಿಯನ್ನೂ ಬದಲಿಸಿ. ನೀರಿನ ಮಸಿ, ಅದನ್ನು ಹರಡುವ ಗಾಜಿನ ಮೇಲೆ ಹತ್ತು ನಿಮಿಷಕ್ಕೇ ಬಿಗಿಯತೊಡಗುತ್ತದೆ, ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಬೇಗ. ಹೊಸಬರು ನಿಧಾನವಾಗಿ ಉಜ್ಜುವಾಗ ಹಾಳೆ ಬ್ಲಾಕಿಗೇ ಅಂಟಿ ಹರಿಯುತ್ತದೆ. ಸೋಪು ನೀರಿನಲ್ಲಿ ತೊಳೆಯಬಹುದಾದ ಎಣ್ಣೆ ಮಸಿ ತರಗತಿಗೆ ಹೇಳಿ ಮಾಡಿಸಿದ್ದು. ಗಾಜಿನ ಮೇಲೆ ತರಗತಿ ಮುಗಿಯುವ ತನಕ ಒಣಗದು. ಪ್ರಿಂಟ್ ಒಣಗಲು ಎರಡು ದಿನದಿಂದ ಒಂದು ವಾರ ಹಿಡಿಯುತ್ತದೆ, ದಪ್ಪ ಪದರವಾದರೆ, ಹವೆ ತೇವವಾಗಿದ್ದರೆ ಇನ್ನೂ ಹೆಚ್ಚು. ಎಷ್ಟು ಬೇಕು ಎಂದರೆ, 15×20 ಅಳತೆಯ ಒಂದು ಪ್ರಿಂಟಿಗೆ ಅಂಟುವ ಮಸಿ ಅರ್ಧ ಮಿ.ಲೀ.ಗಿಂತ ಕಡಿಮೆ. ಉಳಿದದ್ದೆಲ್ಲ ಗಾಜಿನಲ್ಲಿ, ರೋಲರಿನಲ್ಲಿ ಹೋಗುವುದು. ಕಪ್ಪು 250 ಮಿ.ಲೀ. ಇದ್ದರೆ ಆರೂ ವಾರಕ್ಕೆ ಆಗಿ ಮಿಗುತ್ತದೆ.

ಮಸಿ ಹಚ್ಚುವ ಜಾಗ ಮೂರು ಮಾಡಿ, ಪ್ರತಿಯೊಂದರಲ್ಲೂ 30×40 ಸೆಂ.ಮೀ. ಗಾಜು (ಅಂಚಿಗೆ ಟೇಪ್ ಸುತ್ತಿರಲಿ), ಮಸಿ ಎತ್ತಿ ಕಲಸಲು ಒಂದು ಚಿಕ್ಕ ಕರಣೆ, ಎರಡು ರೋಲರ್. ಮಸಿಯನ್ನು ಗಾಜಿನ ಮೇಲಂಚಿಗೆ ಪಟ್ಟಿಯಾಗಿ ಬಳಿದಿಟ್ಟು ಅದರಿಂದ ಚೂರು ಚೂರೇ ಎಳೆದುಕೊಳ್ಳಬೇಕು. ಸರಿಯಾದ ಪದರವನ್ನು ಕಿವಿಯೇ ಹೇಳುತ್ತದೆ: ರೋಲರ್ ಸಣ್ಣಗೆ ಸುಸ್ಸೆನ್ನುತ್ತದೆ, ಗಾಜಿನ ಮೇಲಿನ ಮಸಿ ಮಖಮಲ್ಲಿನಂತೆ ಕಾಣುತ್ತದೆ. ಪಚಪಚ ಎಂದರೆ ಮಸಿ ಹೆಚ್ಚಾಗಿದೆ. ಬ್ಲಾಕಿಗೆ ಒಂದೇ ಸಲ ದಪ್ಪಗೆ ಬಳಿಯದೆ, ತೆಳ್ಳಗೆ ನಾಲ್ಕೈದು ಸಲ, ದಿಕ್ಕು ಬದಲಿಸಿ ಬದಲಿಸಿ ಹಚ್ಚಿ. ಹೊಸ ಬ್ಲಾಕಿನ ಮೊದಲ ಒಂದೆರಡು ಪ್ರಿಂಟ್ ಪೇಲವವಾಗಿಯೇ ಬರುತ್ತವೆ, ಅದನ್ನು ಮೊದಲೇ ಹೇಳಿಬಿಟ್ಟರೆ ಯಾರೂ ಗಾಬರಿಯಾಗುವುದಿಲ್ಲ.

ಗೋಡೆಯ ಮೇಲಿನ ಪ್ರಿಂಟ್ ನೋಡಿಯೇ ಕಾರಣ ಹೇಳಲು ಬರಬೇಕು. ಎಲ್ಲೆಡೆ ಒಂದೇ ಸಮ ಬಿಳಿ ಚುಕ್ಕೆ: ಮಸಿ ಕಡಿಮೆ ಅಥವಾ ಕಾಗದ ಒರಟು. ಅಲ್ಲೊಂದು ಇಲ್ಲೊಂದು ಚುಕ್ಕೆ, ಸುತ್ತ ಬಿಳಿ ಬಳೆ: ಲಿನೋ ಚೂರು ಸಿಕ್ಕಿದೆ, ಅಂಟು ಟೇಪಿನಿಂದ ತೆಗೆಯಿರಿ. ಸಣ್ಣ ಗೆರೆ ಮುಚ್ಚಿ, ಆಕಾರಗಳ ಅಂಚಿನಲ್ಲಿ ಮಸಿ ಕಟ್ಟಿ ಹೊಳೆಯುತ್ತಿದ್ದರೆ ಮಸಿ ಹೆಚ್ಚು ಅಥವಾ ಸಡಿಲ. ಸಡಿಲವಾದದ್ದಕ್ಕೆ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಕಲಸಿ. ಗೆರೆ ಜೋಡಿಯಾಗಿ ಬಿದ್ದಿದ್ದರೆ ಹಾಳೆ ಸರಿದಿದೆ. ಒಂದೇ ಜಾಗ ಪ್ರತಿ ಸಲವೂ ಮಸಿ ಹಿಡಿಯದಿದ್ದರೆ ಬ್ಲಾಕಿನ ಮೇಲೆ ಕೈಯ ಜಿಡ್ಡು ಅಥವಾ ತಯಾರಿಕೆಯ ಮೇಣ ಇದೆ. ಇದಕ್ಕೇ ಕೆತ್ತುವ ಮೊದಲು 400 ನಂಬರಿನ ಮರಳು ಕಾಗದದಿಂದ ಮೇಲ್ಮೈಯನ್ನು ಹಗುರವಾಗಿ ಉಜ್ಜಿ ಒರೆಸಬೇಕು.

ಎರಡು ಬಣ್ಣ:

ರಿಡಕ್ಷನ್ ಬಗ್ಗೆ. ಆ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು: ಒಂದೇ ಬ್ಲಾಕ್. ಮೊದಲ ಬಣ್ಣವನ್ನು ಎಲ್ಲ ಪ್ರತಿಗೂ ಹಾಕಿ, ಆಮೇಲೆ ಅದೇ ಬ್ಲಾಕನ್ನು ಇನ್ನಷ್ಟು ಕೆತ್ತಿ ಎರಡನೇ ಬಣ್ಣ. 1950ರ ದಶಕದ ಕೊನೆಯಲ್ಲಿ ಪಿಕಾಸೋ ಇದರಲ್ಲಿ ಬಹಳ ಕೆಲಸ ಮಾಡಿದ್ದರಿಂದ ಹೆಸರಾಯಿತು. ನಿಮ್ಮ ತರಗತಿ ವಾರಕ್ಕೊಮ್ಮೆಯಾದ್ದರಿಂದ ಒಣಗುವುದು ಅಡ್ಡಿಯಲ್ಲ. ಅಡ್ಡಿ ಬೇರೆ: ಎರಡನೇ ಕೆತ್ತನೆ ಶುರುವಾದ ಮೇಲೆ ಮೊದಲ ಹಂತಕ್ಕೆ ಮರಳಲಾಗದು. ಪ್ರೂಫ್ ನೋಡಿ ತಿದ್ದಿಕೊಳ್ಳುವುದನ್ನು ಆಗಷ್ಟೇ ಕಲಿಯುತ್ತಿರುವವರ ಕೈಯಿಂದ ಆ ಅವಕಾಶವನ್ನೇ ಕಿತ್ತುಕೊಂಡಂತೆ. ಒಂದು ವಾರ ತಪ್ಪಿಸಿಕೊಂಡವರು ಪೂರ್ತಿ ಹಿಂದೆ ಬೀಳುತ್ತಾರೆ. ಜೋಡಣೆ ತಪ್ಪಿ ಹಾಳಾಗುವ ಪ್ರತಿಗಳಿಗೆಂದು ಮೊದಲ ಬಣ್ಣದಲ್ಲೇ ಮೂರನೇ ಒಂದು ಪಾಲು ಹೆಚ್ಚಿಗೆ ತೆಗೆಯಬೇಕು, ಅದಕ್ಕೆ ಸಮಯ ಎಲ್ಲಿದೆ?

ಬ್ಲಾಕನ್ನೇ ತುಂಡು ಮಾಡುವ ಪದ್ಧತಿ ಕಲಿಸಿ. ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್ 1890ರ ದಶಕದಲ್ಲೇ ಮರದ ಬ್ಲಾಕುಗಳನ್ನು ಗರಗಸದಿಂದ ಕೊಯ್ದು, ಒಂದೊಂದು ತುಂಡಿಗೆ ಒಂದೊಂದು ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಒಂದೇ ಸಲಕ್ಕೆ ಅಚ್ಚು ತೆಗೆದದ್ದು. ಲಿನೋದಲ್ಲಿ ಇದು ಇನ್ನೂ ಸುಲಭ. ನಾಲ್ಕನೇ ತರಗತಿಯ ಪ್ರೂಫ್ ನೋಡಿ ಬಣ್ಣದ ಗಡಿ ಎಲ್ಲಿ ಎಂದು ತೀರ್ಮಾನಿಸಲಿ: ಆಕಾಶ ಮತ್ತು ನೆಲ, ಎಲೆ ಮತ್ತು ಹಿನ್ನೆಲೆ, ಹೀಗೆ. ಹರಿತ ಬ್ಲೇಡ್ ಚಾಕುವಿನಿಂದ ಆ ಗಡಿಯ ಮೇಲೆ ಮೂರು ನಾಲ್ಕು ಸಲ ಹಗುರವಾಗಿ ಗೀರಿ. ಒಂದೇ ಏಟಿಗೆ ಕತ್ತರಿಸಲು ಹೋದರೆ ಚಾಕು ವಾಲುತ್ತದೆ. ಆಮೇಲೆ ಹಿಂದಕ್ಕೆ ಬಗ್ಗಿಸಿದರೆ ಗೀರಿನಲ್ಲೇ ಸೀಳುತ್ತದೆ, ಹಿಂದಿನ ಸೆಣಬನ್ನು ಕತ್ತರಿಸಿದರಾಯಿತು. ಗಡಿ ನಿಧಾನವಾಗಿ ಬಳುಕಬಹುದು, ಚೂಪಾದ ಮೂಲೆ ಮಾತ್ರ ಬೇಡ, ಅಲ್ಲಿ ಲಿನೋ ಚಕ್ಕೆ ಏಳುತ್ತದೆ.

ತುಂಡುಗಳಿಗೆ ಬೇರೆ ಬೇರೆ ಜಾಗದಲ್ಲಿ ಮಸಿ ಹಚ್ಚಿ, ಬದಿಯಿಂದ ಹಿಡಿದು ಚೌಕಟ್ಟಿನೊಳಗೆ ಕೂರಿಸಿ. ಚೌಕಟ್ಟು ಹೀಗೆ: 40×50 ಸೆಂ.ಮೀ. ಗಟ್ಟಿ ಹಲಗೆ; ಅದರ ಮೇಲೆ ಲಿನೋದಷ್ಟೇ ದಪ್ಪದ ರಟ್ಟಿನಲ್ಲಿ ಬ್ಲಾಕಿನ ಅಳತೆಯ ಕಿಟಕಿ ಕತ್ತರಿಸಿ ಅಂಟಿಸಿ; ಆ ರಟ್ಟಿನ ಮೇಲೆಯೇ, ಕಿಟಕಿಯಿಂದ 3 ಸೆಂ.ಮೀ. ಹೊರಗೆ, ಒಂದು ಮೂಲೆಗೆ ಮತ್ತು ಒಂದು ಬದಿಗೆ ತೆಳು ರಟ್ಟಿನ ತಡೆ. ಹಾಳೆಯ ಮೂಲೆ ಪ್ರತಿ ಸಲ ಅಲ್ಲಿಗೇ ಬಂದು ನಿಲ್ಲುತ್ತದೆ, ಅಂಚು ಎಲ್ಲ ಪ್ರತಿಯಲ್ಲೂ ಒಂದೇ ಅಗಲ ಇರುತ್ತದೆ. ರಟ್ಟು ಲಿನೋಗಿಂತ ದಪ್ಪವಾದರೆ ಬ್ಲಾಕಿನ ಅಂಚಿಗೆ ಸೌಟು ತಾಗದೆ ಅಲ್ಲಿ ಬಿಳಿ ಉಳಿಯುತ್ತದೆ, ಅದನ್ನೊಂದು ನೋಡಿಕೊಳ್ಳಿ. ಇಂಥ ಚೌಕಟ್ಟು 4 ಇದ್ದರೆ 12 ಜನರಿಗೆ ಸಾಕು.

ಅಚ್ಚುಮಣೆ:

ತುಂಬಾ ಉಪಕಾರವಾಯಿತು. ಕ್ರಮ ಬದಲಿಸುತ್ತೇನೆ, ರಿಡಕ್ಷನ್ ಬಿಡುತ್ತೇನೆ. ಇನ್ನೆರಡು ಪ್ರಶ್ನೆ: 12 ಜನ ಹೊಸಬರ ಕೈಯಲ್ಲಿ ಉಳಿ ಕೊಟ್ಟಾಗ ಗಾಯವಾಗದಂತೆ ಏನೇನು ವ್ಯವಸ್ಥೆ ಬೇಕು? ಇಬ್ಬರು ಎಡಗೈಯವರಿದ್ದಾರೆ, ಅವರಿಗೆ ಬೇರೆ ಉಳಿ ಬೇಕೇ? ಪರಿಚಯ ಪುಟದ ಬಗ್ಗೆಯೂ ಯಾರಾದರೂ ಹೇಳಿ.

ಉಳಿಬಾಯಿ:

ವಿ ಮತ್ತು ಯು ಉಳಿಗಳು ಎರಡೂ ಬದಿಗೆ ಒಂದೇ ಥರ, ಆದ್ದರಿಂದ ಎಡಗೈಗೆ ಬೇರೆ ಬೇಡ. ಬೇಕಾದ್ದು ಬೆಳಕು: ಬಲಗೈಯವರಿಗೆ ಎಡದಿಂದ, ಎಡಗೈಯವರಿಗೆ ಬಲದಿಂದ. ಅವರನ್ನು ಮೇಜಿನ ಆ ತುದಿಯಲ್ಲಿ ಕೂರಿಸಿ, ಪಕ್ಕದವರ ಮೊಣಕೈಯೂ ತಾಗುವುದಿಲ್ಲ.

ಗಾಯ ತಪ್ಪಿಸಲು ಮೊದಲನೆಯದು ತಡೆಮಣೆ. 20×25 ಸೆಂ.ಮೀ.ನ 9 ಮಿ.ಮೀ. ಪ್ಲೈವುಡ್, ಕೆಳಗಡೆ ಮುಂದಿನ ಅಂಚಿಗೆ 2 ಸೆಂ.ಮೀ. ರೀಪು, ಅದು ಮೇಜಿನ ಅಂಚಿಗೆ ಕೊಂಡಿಯಾಗುತ್ತದೆ. ಮೇಲ್ಗಡೆ ಹಿಂದಿನ ಅಂಚಿಗೆ ಇನ್ನೊಂದು ರೀಪು, ಬ್ಲಾಕ್ ಅದಕ್ಕೆ ಒರಗುತ್ತದೆ. ಇದಿದ್ದರೆ ಬ್ಲಾಕನ್ನು ಮುಂದಿನಿಂದ ಹಿಡಿಯುವ ಅಗತ್ಯವೇ ಇಲ್ಲ. ನಿಯಮ ಒಂದೇ, ಮೊದಲ ದಿನದಿಂದ ಕೊನೆಯ ದಿನದ ತನಕ: ಉಳಿಯ ಬಾಯಿ ಮುಂದೆ ಕೈ ಬರಕೂಡದು. ನೀವು ಮೇಜಿನ ಸುತ್ತ ನಡೆಯುವಾಗ ಚಿತ್ರ ನೋಡುವ ಮೊದಲು ಎಡಗೈ ಎಲ್ಲಿದೆ ಎಂದು ನೋಡಿ (ಎಡಗೈಯವರದ್ದಾದರೆ ಬಲಗೈ).

ಎರಡನೆಯದು, ಲಿನೋ ಬಿಸಿಯಾಗಿರಲಿ. ತಣ್ಣಗಿರುವ, ಹಳೆಯ ಶೀಟು ಗಟ್ಟಿ. ಜೋರು ಹಾಕುತ್ತಾರೆ, ಉಳಿ ಜಾರುತ್ತದೆ. ಹೇರ್ ಡ್ರೈಯರ್ ಅಥವಾ ಬಿಸಿನೀರಿನ ಚೀಲದಿಂದ ಎರಡು ಮೂರು ನಿಮಿಷ ಬೆಚ್ಚಗೆ ಮಾಡಿದರೆ ಸಾಕು. ಮೂಲೆಯನ್ನು ಚೂರು ಬಗ್ಗಿಸಿದಾಗ ಬಿರುಕು ಬಿಡುವ ಶೀಟನ್ನು ಹೊಸಬರಿಗೆ ಕೊಡಲೇಬೇಡಿ.

ಮೂರನೆಯದು ಹರಿತ. ಮೊಂಡು ಉಳಿಯೇ ಹೆಚ್ಚು ಅಪಾಯಕಾರಿ, ಯಾಕೆಂದರೆ ಅದು ಒತ್ತಡ ಕೇಳುತ್ತದೆ. ತೋಡು ನುಣುಪಾಗಿ ಹೊಳೆಯುತ್ತಿದ್ದರೆ ಉಳಿ ಸರಿಯಿದೆ. ಅಂಚು ಹರಿದಂತೆ ಪುಡಿಪುಡಿಯಾಗಿದ್ದರೆ ಮೊಂಡಾಗಿದೆ. ಮರದ ಪಟ್ಟಿಗೆ ಚರ್ಮ ಅಂಟಿಸಿ ಹಸಿರು ಪಾಲಿಶ್ ಮೇಣ ಉಜ್ಜಿಟ್ಟುಕೊಳ್ಳಿ. ಅರ್ಧ ಗಂಟೆ ಕೆತ್ತಿದ ಮೇಲೆ ಹತ್ತು ಎಳೆತ. ಎಳೆಯಬೇಕು, ತಳ್ಳಬಾರದು, ತಳ್ಳಿದರೆ ಚರ್ಮ ಕತ್ತರಿಸಿಹೋಗುತ್ತದೆ. ವಿ ಉಳಿಗೆ ಎರಡು ಬದಿ ಬೇರೆ ಬೇರೆಯಾಗಿ, ಯು ಉಳಿಯನ್ನು ಹೊರಳಿಸುತ್ತಾ. ಒಳಮೈಗೆ ಮಡಚಿದ ಚರ್ಮದ ಅಂಚು.

ಇನ್ನೊಂದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಎಣ್ಣೆ ಮಸಿ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಕಸದ ಡಬ್ಬಿಗೆ ಹಾಕಬೇಡಿ. ಮಸಿಯಲ್ಲಿರುವ ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಸೇರುವುದು, ಅದರಿಂದ ಬಿಸಿ ಹುಟ್ಟುತ್ತದೆ. ಉಂಡೆಯೊಳಗೆ ಆ ಬಿಸಿ ಹೊರಹೋಗಲು ದಾರಿಯಿಲ್ಲದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರಿಗೆ ಅದ್ದಿಡಿ, ಇಲ್ಲವೇ ಒಂದೊಂದಾಗಿ ಬಿಡಿಸಿ ಹೊರಗೆ ಹರವಿ. ಗಾಜು, ರೋಲರಿನಲ್ಲಿ ಮಿಕ್ಕ ಮಸಿಯನ್ನು ಮೊದಲು ಹಳೆಯ ಪತ್ರಿಕೆಯ ಮೇಲೆ ಉರುಳಿಸಿ ತೆಗೆದರೆ ಒರೆಸುವ ಬಟ್ಟೆಯೇ ಅರ್ಧ ಸಾಕು. ರೋಲರನ್ನು ರಬ್ಬರ್ ಮೇಜಿಗೆ ತಾಗುವಂತೆ ಮಲಗಿಸಿಡಬೇಡಿ, ರಬ್ಬರಿನಲ್ಲಿ ಚಪ್ಪಟೆ ಜಾಗ ಬಿದ್ದು ಮುಂದಿನ ಪ್ರಿಂಟ್‌ಗಳಲ್ಲೆಲ್ಲ ಪಟ್ಟಿ ಬೀಳುತ್ತದೆ.

ಗೋಡೆಬರಹ:

ಪರಿಚಯ ಪುಟಕ್ಕೆ. ಓದುವವರು ಕಲಿಯಲು ಬರುವವರು, ಗ್ಯಾಲರಿಯವರಲ್ಲ. ಆದ್ದರಿಂದ ಬೋಧನೆ ಮೊದಲು, ಕೆಲಸದ ರೀತಿ ಆಮೇಲೆ, ಹಿನ್ನೆಲೆ ಕೊನೆಗೆ. ಒಂದೊಂದಕ್ಕೆ 70ರಿಂದ 80 ಪದ. ಹೆಚ್ಚಿನ ಕಲಾವಿದರು ಇದನ್ನು ತಲೆಕೆಳಗು ಮಾಡಿ, ಪದವಿ ಮತ್ತು ಪ್ರದರ್ಶನಗಳ ಪಟ್ಟಿಯಲ್ಲೇ ಪುಟ ಮುಗಿಸುತ್ತಾರೆ.

ಬೋಧನೆಯ ಭಾಗದಲ್ಲಿ ಕಲಿಯುವವರು ಏನು ಮಾಡಿ ಹೋಗುತ್ತಾರೆ ಎಂಬುದನ್ನು ಬರೆಯಿರಿ. 'ಪ್ರತಿಯೊಬ್ಬರೊಳಗಿನ ಸೃಜನಶೀಲತೆಯನ್ನು ಹೊರತರುವುದು ನನ್ನ ಗುರಿ' ಎಂಬ ವಾಕ್ಯವನ್ನು ಯಾರು ಬೇಕಾದರೂ ಬರೆಯಬಹುದು. 'ಮೊದಲ ದಿನವೇ ಒಂದು ಚಿಕ್ಕ ಪ್ರಿಂಟ್ ತೆಗೆಯುತ್ತೀರಿ. ಆರನೇ ವಾರಕ್ಕೆ 15×20 ಸೆಂ.ಮೀ.ನ, ನೀವೇ ಕೆತ್ತಿದ ಎರಡು ಬಣ್ಣದ ಲಿನೋಕಟ್ಟಿನ 6 ಪ್ರತಿ ನಿಮ್ಮದಾಗಿರುತ್ತದೆ. ಚಿತ್ರ ಬಿಡಿಸಲು ಬರಬೇಕೆಂದಿಲ್ಲ. ಎರಡೂವರೆ ಗಂಟೆ ಕುಳಿತು ಕೈಯಿಂದ ಕೆಲಸ ಮಾಡುವಂತಿರಬೇಕು' ಎಂದು ಬರೆದರೆ ಅದು ನಿಮ್ಮ ತರಗತಿ, ಇನ್ನೊಬ್ಬರದ್ದಾಗಲಾರದು.

ಕೆಲಸದ ರೀತಿಯಲ್ಲೂ ಹಾಗೆಯೇ: ಯಾವ ವಸ್ತು, ಯಾವ ಅಳತೆ, ಎಷ್ಟು ಪ್ರತಿ, ಯಾವುದನ್ನು ನೋಡಿ ಕೆಲಸ ಶುರುವಾಗುತ್ತದೆ, ಚಿತ್ರ ಎಷ್ಟು ಪ್ರೂಫ್‌ಗಳಲ್ಲಿ ಬದಲಾಗುತ್ತದೆ. ಹಿನ್ನೆಲೆಯಲ್ಲಿ ಪೇಂಟಿಂಗ್ ಓದಿದ್ದನ್ನು ಮುಚ್ಚಿಡಬೇಡಿ. ಅದು ನಿಮ್ಮ ಪ್ರಿಂಟಿಗೆ ಏನು ಕೊಟ್ಟಿದೆ ಎಂದು ಒಂದು ವಾಕ್ಯದಲ್ಲಿ ಹೇಳಿ: ಕಪ್ಪು ಬಿಳುಪಿನ ಹಂಚಿಕೆಯೋ, ಬಣ್ಣದ ಆಯ್ಕೆಯೋ. ಕಲಿತದ್ದು, ಮಾಡುತ್ತಿರುವುದು, ಕಲಿಸುವುದು ಮೂರೂ ಒಂದಕ್ಕೊಂದು ತಾಗುವುದು ಆ ಒಂದು ವಾಕ್ಯದಲ್ಲಿ. 'ನಾನು' ಎಂದೇ ಬರೆಯಿರಿ. 'ಇವರು ಹೆಸರಾಂತ ಕಲಾವಿದರು' ಎಂಬ ಧಾಟಿ ಆಹ್ವಾನ ಪತ್ರಿಕೆಗೆ ಸರಿ.

ಚಿತ್ರ ಎರಡು ಸಾಕು, ಮೂರನೆಯದಾಗಿ ಒಂದು ಬ್ಲಾಕಿನ ಫೋಟೋ. ನನ್ನ ಸಲಹೆ ಕೇಳಿದರೆ, ಒಂದೇ ಚಿತ್ರದ ಮೊದಲ ಪ್ರೂಫ್ ಮತ್ತು ಕೊನೆಯ ಪ್ರಿಂಟನ್ನು ಅಕ್ಕಪಕ್ಕ ಹಾಕಿ. ಕಲಾವಿದರೂ ತಿದ್ದುತ್ತಾರೆ ಎಂದು ಕಂಡಾಗ ಹಿಂಜರಿಯುವವರೂ ಹೆಸರು ಕೊಡುತ್ತಾರೆ. ತರಗತಿಗೂ ನಿಮ್ಮ ಎಲ್ಲ ಹಂತದ ಪ್ರೂಫ್‌ಗಳನ್ನು ಒಯ್ಯಿರಿ, ಮುಗಿದ ಕೃತಿಯನ್ನಷ್ಟೇ ತೋರಿಸಬೇಡಿ. ಪುಟದಲ್ಲಿ ಪ್ರತಿ ಚಿತ್ರದ ಕೆಳಗೆ ಅದರ ಹೆಸರು, ವರ್ಷ, ಮಾಧ್ಯಮ, ಅಳತೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ, ಚಿತ್ರದ್ದೋ ಹಾಳೆಯದ್ದೋ ಎಂದು ತಿಳಿಸಿ. ಫೋಟೋ ತೆಗೆಯುವಾಗ ಪ್ರಿಂಟನ್ನು ಗೋಡೆಗೆ ಚಪ್ಪಟೆಯಾಗಿ ಸಿಕ್ಕಿಸಿ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ಬೆಳಕು. ಎಣ್ಣೆ ಮಸಿಯ ಕಪ್ಪು ನೇರ ಬೆಳಕಿಗೆ ಹೊಳೆದು ಬೂದಾಗಿ ಬೀಳುತ್ತದೆ. ಕ್ಯಾಮೆರಾ ಪ್ರಿಂಟಿನ ನಡುಮಧ್ಯಕ್ಕೆ ನೇರವಾಗಿರಲಿ, ಫೋನ್ ಆದರೆ ಚೂರು ಹಿಂದೆ ಸರಿದು ಜೂಮ್ ಮಾಡಿ, ಇಲ್ಲದಿದ್ದರೆ ಅಂಚು ಹೊಟ್ಟೆ ಉಬ್ಬುತ್ತದೆ. ಮುಂದೆ ಕಲಿತವರ ಪ್ರಿಂಟ್‌ಗಳನ್ನೂ ಪುಟಕ್ಕೆ ಹಾಕುವುದಿದ್ದರೆ ಆರನೇ ತರಗತಿಯಲ್ಲೇ ಅವರಿಂದ ಬರೆಸಿ ಒಪ್ಪಿಗೆ ಪಡೆಯಿರಿ, ಹೆಸರು ಹಾಕಬೇಕೋ ಬೇಡವೋ ಎಂಬುದನ್ನೂ ಸೇರಿಸಿ.

ಎರಡು ಬಣ್ಣ:

ತುಂಡು ಬ್ಲಾಕಿನ ಬಗ್ಗೆ ಬಿಟ್ಟುಹೋದದ್ದು. ತುಂಡುಗಳ ನಡುವೆ ಅರ್ಧದಿಂದ ಒಂದು ಮಿ.ಮೀ. ಬಿಳಿ ಗೆರೆ ಬಂದೇ ಬರುತ್ತದೆ. ಅದನ್ನು ಅಳಿಸಲು ಒದ್ದಾಡುವುದು ಬೇಡ, ಚಿತ್ರದಲ್ಲಿ ಮೊದಲೇ ಬಿಳಿ ಗೆರೆ ಇರುವ ಕಡೆಯೇ ಗಡಿ ಬರುವಂತೆ ಎರಡನೇ ತರಗತಿಯಲ್ಲೇ ಯೋಚಿಸಲು ಹೇಳಿ. ಉಜ್ಜುವಾಗ ಚಿಕ್ಕ ತುಂಡು ಸರಿಯುತ್ತಿದ್ದರೆ ಹಿಂಬದಿಗೆ ಡಬಲ್ ಟೇಪಿನ ಎರಡು ಚೂರು ಅಂಟಿಸಿ. ಟೇಪನ್ನು ಮೊದಲು ಬಟ್ಟೆಗೆ ಒಮ್ಮೆ ಒತ್ತಿ ಅಂಟು ಕಡಿಮೆ ಮಾಡಿಕೊಂಡರೆ ಮತ್ತೆ ಮತ್ತೆ ಎತ್ತಬಹುದು. ಎತ್ತುವುದಕ್ಕೆ ಕರಣೆಯ ತುದಿಯನ್ನು ಆ ಬಿಳಿ ಗೆರೆಯ ಸಂದಿಗೆ ತೂರಿಸಿ, ಬೆರಳು ಹಾಕಿದರೆ ಮಸಿ ಹಚ್ಚಿದ ಅಂಚು ಹಾಳಾಗುತ್ತದೆ.